ಗುರಿ ಆರಿಸುವ ಯಂತ್ರ, ಜಿನೀವಾದ ಒಮ್ಮತ

(2025ರ ಆಟಿ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ವಾಚನಾಲಯವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಟದಲ್ಲಿ ಬಿಟ್ಟುಹೋಗಿದ್ದ ಕೆಲವು ಇಸವಿಗಳನ್ನೂ ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಸೇರಿಸಿಕೊಂಡಿದ್ದೇನೆ.)

ಅಧ್ಯಕ್ಷರೇ, ವಾಚನಾಲಯದ ಕಾರ್ಯಕರ್ತರೇ, ಈ ಮಳೆಯಲ್ಲೂ ಬಂದು ಕುಳಿತಿರುವ ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ಭಾರತ ಮತ್ತು ಪಾಕಿಸ್ತಾನಗಳ ನಡುವೆ ಕದನವಿರಾಮ ಘೋಷಣೆಯಾದದ್ದು ಈ ವರ್ಷದ ಮೇ 10ರಂದು. ಅದರ ಹಿಂದಿನ ದಿನಗಳಲ್ಲಿ ಎರಡೂ ಕಡೆಯಿಂದ ಡ್ರೋನ್‌ಗಳು ಈ ಉಪಖಂಡ ಹಿಂದೆಂದೂ ಕಾಣದ ಪ್ರಮಾಣದಲ್ಲಿ ಗಡಿ ದಾಟಿದ್ದವು. ಅದಾಗಿ ಎರಡೇ ದಿನಕ್ಕೆ, ಮೇ 12 ಮತ್ತು 13ರಂದು, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಒಂದು ಸಮಾಲೋಚನೆ ನಡೆಯಿತು. ಮನುಷ್ಯನ ಅಪ್ಪಣೆಗೆ ಕಾಯದೆ ತಾನೇ ಗುರಿಯನ್ನು ಆರಿಸಿ ತಾನೇ ಹೊಡೆಯುವ ಆಯುಧಗಳನ್ನು ಜಗತ್ತು ಏನು ಮಾಡಬೇಕು ಎಂಬುದು ಅಲ್ಲಿನ ವಿಷಯವಾಗಿತ್ತು. ಮೊದಲನೆಯ ಸುದ್ದಿಯನ್ನು ನಾವೆಲ್ಲ ಹಗಲೂ ರಾತ್ರಿ ಟಿವಿಯಲ್ಲಿ ನೋಡಿದೆವು. ಎರಡನೆಯದನ್ನು ಕೇಳಿದವರು ಯಾರಿದ್ದೀರಿ ಎಂದು ಈಗಷ್ಟೇ ವಿಚಾರಿಸಿದಾಗ ಮೇಲೆದ್ದ ಕೈಗಳು ಬೆರಳೆಣಿಕೆಯಷ್ಟು. ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಇಂಥ ಸಭೆಗಳ ಸುದ್ದಿ ನಮ್ಮ ಭಾಷೆಗಳಿಗೆ ತಲುಪುವುದೇ ಅಪರೂಪ.

ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಒಂದೇ ಸಂಗತಿ. ಈ ಆಯುಧಗಳಲ್ಲಿ ಅಪಾಯವಿದೆ ಎಂಬುದನ್ನು ಇಂದು ಯಾವ ಸರ್ಕಾರವೂ ನಿರಾಕರಿಸುತ್ತಿಲ್ಲ. ಆದರೂ 2014ರಿಂದ ಜಿನೀವಾದಲ್ಲಿ ವರ್ಷ ವರ್ಷವೂ ನಡೆದುಬಂದಿರುವ ಮಾತುಕತೆಯಿಂದ ದೇಶಗಳನ್ನು ಕಟ್ಟಿಹಾಕುವ ಒಂದು ಸಾಲಿನ ಕಾನೂನೂ ಹೊರಬಂದಿಲ್ಲ. ಅದಕ್ಕೆ ಕಾರಣವನ್ನು ತಂತ್ರಜ್ಞಾನದ ಜಟಿಲತೆಯಲ್ಲಿ ಹುಡುಕುವುದು ವ್ಯರ್ಥ. ಅಲ್ಲಿ ನಿರ್ಣಯ ಕೈಗೊಳ್ಳುವ ಕ್ರಮದಲ್ಲಿ ಹುಡುಕಬೇಕು. ಆ ಕ್ರಮವನ್ನು ಬಿಟ್ಟುಕೊಡಲು ಒಪ್ಪದ ದೇಶಗಳಲ್ಲಿ ನಮ್ಮದೂ ಒಂದು. ಹೀಗಾಗಿ ಇದು ನಮಗೆ ಸಂಬಂಧಿಸಿದ ವಿಷಯ.

ಮೊದಲು ಆಯುಧದ ಬಗ್ಗೆ. ಸಿನಿಮಾದಲ್ಲಿ ನೋಡಿದ ಎರಡು ಕಾಲಿನ ಉಕ್ಕಿನ ಮನುಷ್ಯನನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಬೇಕು. ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ವಿವರಣೆ ಸರಳವಾಗಿದೆ: ಒಮ್ಮೆ ಚಾಲೂ ಮಾಡಿದ ಮೇಲೆ ಮನುಷ್ಯನ ಮಧ್ಯಪ್ರವೇಶವಿಲ್ಲದೆ ಗುರಿಯನ್ನು ಆರಿಸಿ ಅದರ ಮೇಲೆ ಬಲಪ್ರಯೋಗ ಮಾಡುವಂಥದ್ದು ಸ್ವಾಯತ್ತ ಆಯುಧ. ಈ ಲೆಕ್ಕದಲ್ಲಿ ನೆಲಬಾಂಬು ಇದರ ಅತ್ಯಂತ ಒರಟು ರೂಪ. ಅದನ್ನು ಹೂತಿಟ್ಟ ಸೈನಿಕ ಮನೆಗೆ ಮರಳಿ ವರ್ಷಗಳಾಗಿರಬಹುದು. ಯಾವ ದಿನ, ಯಾರ ಕಾಲು ಎಂಬುದು ಅವನಿಗೆ ತಿಳಿದಿರುವುದಿಲ್ಲ. ಇಷ್ಟು ಭಾರ ಬಿದ್ದರೆ ಸಿಡಿಯಬೇಕು ಎಂಬುದೊಂದೇ ಅದಕ್ಕೆ ಕೊಟ್ಟ ಸೂಚನೆ. ಯುದ್ಧನೌಕೆಗಳ ಮೇಲೆ ಕೂರಿಸಿರುವ ಫ್ಯಾಲಾಂಕ್ಸ್ ಎಂಬ ತೋಪು 1980ರ ದಶಕದಿಂದಲೂ ತನ್ನ ರಾಡಾರಿನಿಂದಲೇ ಎದುರು ಬರುವ ಕ್ಷಿಪಣಿಯನ್ನು ಗುರುತಿಸಿ ಗುಂಡು ಹಾರಿಸಬಲ್ಲದು. ಇಸ್ರೇಲಿನ ಹಾರ್ಪಿ ಎಂಬ ಡ್ರೋನ್ ಶತ್ರುವಿನ ರಾಡಾರ್ ಹೊರಸೂಸುವ ತರಂಗವನ್ನು ಹುಡುಕುತ್ತ ಆಕಾಶದಲ್ಲಿ ಸುತ್ತುತ್ತಿದ್ದು, ಸಿಕ್ಕೊಡನೆ ಅದರ ಮೇಲೆ ಎರಗಿ ತಾನೂ ನಾಶವಾಗುತ್ತದೆ. ಭಾರತವೂ ಅದನ್ನು ಕೊಂಡಿದೆ. ಅಂದರೆ ಸ್ವಾಯತ್ತತೆ ನಾಳೆ ಬರಲಿರುವ ಸಂಗತಿಯಲ್ಲ, ಅದು ಬಂದು ದಶಕಗಳೇ ಕಳೆದಿವೆ.

ಹಾಗಾದರೆ ಈಗ ಬದಲಾದದ್ದು ಏನು? ನಡುಸಮುದ್ರದಲ್ಲಿ ಹಡಗಿನತ್ತ ಶಬ್ದದ ವೇಗದಲ್ಲಿ ಬರುತ್ತಿರುವ ವಸ್ತು ಕ್ಷಿಪಣಿಯಲ್ಲದೆ ಬೇರೇನೂ ಆಗಿರುವ ಸಾಧ್ಯತೆ ಕಡಿಮೆ. ರಾಡಾರಿನ ತರಂಗವನ್ನು ರಾಡಾರ್ ಮಾತ್ರ ಹೊರಡಿಸುತ್ತದೆ. ಅಲ್ಲಿ ಗುರಿ ಒಂದು ವಸ್ತು, ಜಾಗ ಸೀಮಿತ, ಹೊತ್ತು ಅಲ್ಪ. ಈಗಿನ ಯಂತ್ರಗಳಿಗೆ ಕ್ಯಾಮೆರಾದ ಕಣ್ಣಿದೆ, ಲಕ್ಷಾಂತರ ಚಿತ್ರಗಳನ್ನು ತೋರಿಸಿ ತರಬೇತಿ ಕೊಟ್ಟ ಸಾಫ್ಟ್‌ವೇರ್ ಇದೆ, ಮತ್ತು ಅವುಗಳನ್ನು ಬಿಡುತ್ತಿರುವುದು ಜನ ಓಡಾಡುವ ಊರುಗಳ ಮೇಲೆ. ಹೊಲದಲ್ಲಿ ಬಾಗಿ ನಿಂತವನ ಕೈಯಲ್ಲಿರುವುದು ಬಂದೂಕೋ ಗುದ್ದಲಿಯೋ, ಕೈ ಮೇಲೆತ್ತಿದವನು ಶರಣಾಗುತ್ತಿದ್ದಾನೋ ಕಲ್ಲು ಎಸೆಯುತ್ತಿದ್ದಾನೋ, ಬಿದ್ದವನು ಗಾಯಗೊಂಡು ಬಿದ್ದಿದ್ದಾನೋ ಹೊಂಚು ಹಾಕಿದ್ದಾನೋ, ಇದನ್ನೆಲ್ಲ ಆ ಹೊತ್ತಿನ ಸಂದರ್ಭ ನೋಡಿ ತೀರ್ಮಾನಿಸಬೇಕು. ಯಂತ್ರ ತೀರ್ಮಾನಿಸುವುದಿಲ್ಲ, ತನಗೆ ಕೊಟ್ಟ ಮಾದರಿಗೆ ಎದುರಿನ ಚಿತ್ರ ಶೇಕಡ ಎಷ್ಟು ಹೊಂದುತ್ತದೆ ಎಂದು ಲೆಕ್ಕ ಹಾಕುತ್ತದೆ. ಲಿಬಿಯಾದ ಅಂತರ್ಯುದ್ಧದ ಬಗ್ಗೆ ವಿಶ್ವಸಂಸ್ಥೆಯ ತಜ್ಞರ ಸಮಿತಿ 2021ರಲ್ಲಿ ಕೊಟ್ಟ ವರದಿಯಲ್ಲಿ, 2020ರಲ್ಲಿ ಹಿಮ್ಮೆಟ್ಟುತ್ತಿದ್ದ ಪಡೆಗಳನ್ನು ಟರ್ಕಿಯಲ್ಲಿ ತಯಾರಾದ ಕಾರ್ಗು-2 ಡ್ರೋನ್‌ಗಳು ಬೆನ್ನಟ್ಟಿದವೆಂದೂ, ನಡೆಸುವವನೊಂದಿಗೆ ಸಂಪರ್ಕವಿಲ್ಲದೆಯೇ ಗುರಿಯ ಮೇಲೆ ದಾಳಿ ಮಾಡುವಂತೆ ಅವುಗಳನ್ನು ಸಜ್ಜುಗೊಳಿಸಲಾಗಿತ್ತೆಂದೂ ಹೇಳಲಾಗಿದೆ. ಅದರಿಂದ ಯಾರಾದರೂ ಸತ್ತರೇ ಎಂಬುದನ್ನು ವರದಿ ಹೇಳಲಿಲ್ಲ. ಆದರೂ ಚರ್ಚೆಯ ಧಾಟಿ ಬದಲಾದದ್ದು ಅಲ್ಲಿಂದ ಮುಂದೆ.

ಉಕ್ರೇನಿನ ಯುದ್ಧ ಈ ಬದಲಾವಣೆಯನ್ನು ಎಷ್ಟು ವೇಗವಾಗಿ ನೂಕಿತು ಎಂಬುದನ್ನು ತುಸು ಬಿಡಿಸಿ ಹೇಳಬೇಕು, ಏಕೆಂದರೆ ಈ ಆಯುಧಗಳು ಯಾರೋ ದುಷ್ಟರು ಕುಳಿತು ಯೋಜಿಸಿದ್ದರಿಂದ ಬರುತ್ತಿವೆ ಎಂಬ ಭಾವನೆ ನಮ್ಮಲ್ಲಿದೆ. ನಡೆದದ್ದು ಹಾಗಲ್ಲ. ದೂರದಲ್ಲಿ ಕುಳಿತವನು ಪರದೆ ನೋಡಿಕೊಂಡು ನಡೆಸುವ ಅಗ್ಗದ ಡ್ರೋನ್‌ಗಳು ಎರಡೂ ಕಡೆ ಹೆಚ್ಚಿದವು. ಅವುಗಳನ್ನು ತಡೆಯಲು ಎರಡೂ ಕಡೆಯವರು ರೇಡಿಯೊ ತರಂಗಗಳನ್ನು ಕೆಡಿಸುವ ಜಾಮರ್‌ಗಳನ್ನು ನೆಟ್ಟರು. ಗುರಿ ಇನ್ನು ಕೆಲವು ನೂರು ಮೀಟರ್ ಇರುವಾಗಲೇ ಪರದೆ ಮಬ್ಬಾಗಿ, ನಡೆಸುವವನ ಕೈ ತಪ್ಪಿ, ಡ್ರೋನ್ ಎಲ್ಲೋ ಬೀಳತೊಡಗಿತು. ಇದಕ್ಕೆ ಕಂಡುಕೊಂಡ ಒಂದು ಉಪಾಯ, ಡ್ರೋನಿನ ಹಿಂದೆ ಕೂದಲೆಳೆಯಂಥ ಫೈಬರ್ ತಂತಿಯನ್ನು ಬಿಚ್ಚಿಕೊಳ್ಳುತ್ತ ಹೋಗುವುದು. ಇನ್ನೊಂದು ಉಪಾಯ, ಕೊನೆಯ ಹಾದಿಯನ್ನು ಡ್ರೋನಿನೊಳಗಿನ ಕಂಪ್ಯೂಟರ್ ಚಿಪ್‌ಗೇ ಬಿಡುವುದು. ನಡೆಸುವವನು ಗುರಿಯನ್ನು ಒಮ್ಮೆ ತೋರಿಸಿದರೆ ಸಾಕು, ಸಂಪರ್ಕ ಕಡಿದರೂ ಅದು ಗುರಿಯನ್ನು ಹಿಡಿದು ಹೋಗುತ್ತದೆ. ಇಲ್ಲಿಯವರೆಗೆ ಗುರಿಯನ್ನು ಆರಿಸಿದವನು ಮನುಷ್ಯನೇ. ಆದರೆ ಜಾಮರಿನ ವ್ಯಾಪ್ತಿ ಒಂದು ಕಿಲೋಮೀಟರಿನಿಂದ ಹತ್ತಕ್ಕೆ ಹೋದ ದಿನ, ಗುರಿಯನ್ನು ತೋರಿಸಿಕೊಡುವ ಆ ಒಂದು ಕ್ಷಣವೂ ಸಿಗುವುದಿಲ್ಲ. ಆಗ ಹುಡುಕುವ ಕೆಲಸವನ್ನೂ ಯಂತ್ರಕ್ಕೆ ಕೊಡಬೇಕಾಗುತ್ತದೆ. ಒಂದೊಂದು ಹೆಜ್ಜೆಗೂ ಯುದ್ಧಭೂಮಿಯಲ್ಲಿ ಸಮರ್ಥನೆ ಇದೆ. ಅದಕ್ಕಾಗಿಯೇ ಯಾವ ಸೇನೆಯೂ ತಾನಾಗಿ ನಿಲ್ಲುವುದಿಲ್ಲ, ಮತ್ತು ಅದಕ್ಕಾಗಿಯೇ ಹೊರಗಿನಿಂದ ಎಳೆದ ಗೆರೆಯೊಂದು ಬೇಕಾಗುತ್ತದೆ.

ಕೊನೆಯ ಗುಂಡಿಯನ್ನು ಮನುಷ್ಯನೇ ಒತ್ತಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು ಎನ್ನುವುದಕ್ಕೆ 2003ರ ಇರಾಕ್ ಯುದ್ಧದ ಒಂದು ಘಟನೆ ಸಾಕು. ಮಾರ್ಚ್ 23ರಂದು ಬ್ರಿಟಿಷ್ ವಾಯುಪಡೆಯ ಟೊರ್ನಾಡೊ ವಿಮಾನವೊಂದು ಕೆಲಸ ಮುಗಿಸಿ ಕುವೈತಿನ ನೆಲೆಗೆ ಮರಳುತ್ತಿತ್ತು. ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಅದನ್ನು ತನ್ನತ್ತ ಬರುತ್ತಿರುವ ರಾಡಾರ್-ನಾಶಕ ಕ್ಷಿಪಣಿ ಎಂದು ಗುರುತಿಸಿತು. ಪರದೆಯ ಮುಂದಿದ್ದ ಸಿಬ್ಬಂದಿಗೆ ಯಂತ್ರ ಹೇಳಿದ್ದನ್ನು ಬೇರೆ ದಾರಿಯಲ್ಲಿ ಪರೀಕ್ಷಿಸುವ ಸಮಯವಿರಲಿಲ್ಲ. ಗುಂಡಿ ಒತ್ತಿದರು, ವಿಮಾನದಲ್ಲಿದ್ದ ಇಬ್ಬರೂ ಸತ್ತರು. ಹತ್ತು ದಿನ ಕಳೆದು, ಏಪ್ರಿಲ್ 2ರಂದು, ಇನ್ನೊಂದು ಪೇಟ್ರಿಯಟ್ ಅಮೆರಿಕದ ನೌಕಾಪಡೆಯದೇ ವಿಮಾನವನ್ನು ಹೊಡೆದು ಉರುಳಿಸಿತು. ಅಲ್ಲಿ ಮನುಷ್ಯ ಇದ್ದ, ಆದರೆ ಅವನ ಬಳಿ ನಿರ್ಧಾರ ಇರಲಿಲ್ಲ. ಗಾಜಾ ಯುದ್ಧದಲ್ಲಿ ಇಸ್ರೇಲ್ ಸೇನೆ ಶಂಕಿತರ ಪಟ್ಟಿ ತಯಾರಿಸಲು ಲ್ಯಾವೆಂಡರ್ ಎಂಬ ಸಾಫ್ಟ್‌ವೇರನ್ನು ಬಳಸಿತೆಂದೂ, ಒಂದೊಂದು ಹೆಸರಿಗೆ ಅಧಿಕಾರಿಗಳು ಕೊಟ್ಟ ಸಮಯ ಕೆಲವೊಮ್ಮೆ 20 ಸೆಕೆಂಡು ಮಾತ್ರವೆಂದೂ 2024ರ ಏಪ್ರಿಲಿನಲ್ಲಿ ಇಸ್ರೇಲಿನ ಪತ್ರಕರ್ತರು ವರದಿ ಮಾಡಿದರು. ಸೇನೆ ಆ ವಿವರಣೆಯನ್ನು ಅಲ್ಲಗಳೆಯಿತು. ಅದೇನೇ ಇರಲಿ, ಮನುಷ್ಯನ ನಿಯಂತ್ರಣ ಎಂಬುದಕ್ಕೆ ಅರ್ಥ ಬರಬೇಕಾದರೆ ತಿಳಿಯಲು ಮಾಹಿತಿ, ಯೋಚಿಸಲು ಸಮಯ, ಬೇಡವೆಂದು ನಿಲ್ಲಿಸುವ ಅಧಿಕಾರ ಮೂರೂ ಇರಬೇಕು ಎಂಬುದು ಜಿನೀವಾದ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತಿರುವ ಮಾತು.

ಇನ್ನು ಆ ಚರ್ಚೆಯ ಇತಿಹಾಸ. ದಕ್ಷಿಣ ಆಫ್ರಿಕಾದ ಕಾನೂನು ಪ್ರಾಧ್ಯಾಪಕ ಕ್ರಿಸ್ಟೋಫ್ ಹೇನ್ಸ್ ಅವರು ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿದ್ದಾಗ 2013ರಲ್ಲಿ ಮಾನವ ಹಕ್ಕುಗಳ ಮಂಡಳಿಗೆ ಸಲ್ಲಿಸಿದ ವರದಿಯಲ್ಲಿ ಇಂಥ ಆಯುಧಗಳ ತಯಾರಿಯನ್ನು ಸದ್ಯಕ್ಕೆ ತಡೆಹಿಡಿಯಬೇಕೆಂದು ಕೇಳಿದರು. ಅದೇ ವರ್ಷ ಲಂಡನ್ನಿನಲ್ಲಿ ಸ್ವಯಂಸೇವಾ ಸಂಸ್ಥೆಗಳು ಒಟ್ಟಾಗಿ ನಿಷೇಧದ ಚಳವಳಿ ಆರಂಭಿಸಿದವು. 2014ರಿಂದ ವಿಷಯವು ಕೆಲವು ಬಗೆಯ ಆಯುಧಗಳಿಗೆ ನಿಷೇಧ ಅಥವಾ ಮಿತಿ ಹಾಕುವ 1980ರ ಸಾಂಪ್ರದಾಯಿಕ ಆಯುಧಗಳ ಒಪ್ಪಂದದ ಚೌಕಟ್ಟಿಗೆ ಬಂತು. 2017ರಲ್ಲಿ ಸರ್ಕಾರಿ ತಜ್ಞರ ತಂಡ ಮೊದಲ ಬಾರಿಗೆ ಸೇರಿದಾಗ ಅಧ್ಯಕ್ಷ ಪೀಠದಲ್ಲಿದ್ದವರು ಭಾರತದ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್. ಮರುವರ್ಷವೂ ಅವರೇ ನಡೆಸಿದರು. 2019ರಲ್ಲಿ ಒಪ್ಪಿದ 11 ಮಾರ್ಗದರ್ಶಿ ತತ್ತ್ವಗಳಿಗೆ ನೆಲೆ ಒದಗಿದ್ದು ಆ ಎರಡು ವರ್ಷಗಳ ಕೆಲಸದಿಂದ. ಯುದ್ಧದ ಕಾನೂನು ಈ ಆಯುಧಗಳಿಗೂ ಪೂರ್ತಿಯಾಗಿ ಅನ್ವಯಿಸುತ್ತದೆ, ಹೊಣೆಯನ್ನು ಯಂತ್ರದ ಮೇಲೆ ಹೊರಿಸುವಂತಿಲ್ಲ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ನಮ್ಮ ದೇಶದ ಒಬ್ಬ ರಾಜತಂತ್ರಜ್ಞ ಮಾಡಿದ ಈ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ತತ್ತ್ವಗಳಿಗೆ ಕಾನೂನಿನ ಬಲವಿಲ್ಲ. ಅವನ್ನು ಒಪ್ಪಂದವಾಗಿ ಮಾಡಲು ಮಾತುಕತೆ ಆರಂಭಿಸೋಣ ಎಂದು 2021ರ ಡಿಸೆಂಬರಿನ ಪರಿಶೀಲನಾ ಸಮ್ಮೇಳನದಲ್ಲಿ ಬಹಳಷ್ಟು ದೇಶಗಳು ಕೇಳಿದಾಗ ರಷ್ಯಾ, ಅಮೆರಿಕ, ಭಾರತದಂಥ ದೇಶಗಳು ಒಪ್ಪಲಿಲ್ಲ. ಆ ಒಪ್ಪಂದದ ಸಭೆಗಳಲ್ಲಿ ಎಲ್ಲವೂ ಒಮ್ಮತದಿಂದಲೇ ಆಗಬೇಕು. ಒಂದು ದೇಶ ತಲೆ ಅಲ್ಲಾಡಿಸಿದರೂ ಮುಗಿಯಿತು.

ಈ ಒಮ್ಮತದ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಲು ನಾವು ಕಾಸರಗೋಡಿನವರು ದೂರ ಹೋಗಬೇಕಾಗಿಲ್ಲ. 1970ರ ದಶಕದ ಕೊನೆಯ ವರ್ಷಗಳಿಂದ 2000ದವರೆಗೆ ಇಲ್ಲಿನ ಗುಡ್ಡೆಗಳ ಸರ್ಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಗೇರು ಗುಡ್ಡೆಯ ನೆತ್ತಿಯಲ್ಲಿ, ಮನೆ ಮತ್ತು ಅಡಿಕೆ ತೋಟ ಕೆಳಗಿನ ಕಣಿವೆಯಲ್ಲಿ. ಸಿಂಪಡಣೆಯ ದಿನ ನೀರಿನ ಮೂಲಗಳನ್ನು ಮುಚ್ಚಿಡಬೇಕೆಂಬ ಸೂಚನೆ ಕಾಗದದಲ್ಲಿತ್ತು. ಗುಡ್ಡೆಯ ಹೊಟ್ಟೆ ಕೊರೆದ ಸುರಂಗದಿಂದ ಒಸರಿ ತೋಡಿಗೆ ಸೇರುವ ನೀರನ್ನು, ಹರಿಯುವ ತೋಡನ್ನು ಯಾವ ಮುಚ್ಚಳದಿಂದ ಮುಚ್ಚುವುದು ಎಂದು ಸೂಚನೆ ಬರೆದವರು ಯೋಚಿಸಿರಲಿಲ್ಲ. ಪಡ್ರೆಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಮನೆಮನೆಯ ಕಾಯಿಲೆಗಳನ್ನು ಗುರುತು ಹಾಕಿಕೊಂಡದ್ದು, ಪತ್ರಕರ್ತ ಶ್ರೀ ಪಡ್ರೆಯವರು ಬರೆದದ್ದು, ಪೆರಿಯದ ಲೀಲಾಕುಮಾರಿ ಅಮ್ಮ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ನಿಮಗೆಲ್ಲ ತಿಳಿದಿದೆ. ಅದರ ವಿವರಕ್ಕೆ ಹೋಗುವುದಿಲ್ಲ. ನನಗಿಲ್ಲಿ ಬೇಕಾದದ್ದು ಎರಡು ಅಂಶ.

ಒಂದು ಹೊಣೆಗಾರಿಕೆಯದು. ಆ ಹೆಲಿಕಾಪ್ಟರನ್ನು ನಡೆಸುತ್ತಿದ್ದವನು ಮನುಷ್ಯ. ಕೆಳಗೆ ಹಂಚಿನ ಮನೆಗಳಿರುವುದು ಅವನಿಗೆ ಕಾಣುತ್ತಿತ್ತು. ಆದೇಶ ಕೊಟ್ಟ ಕಚೇರಿಗೆ ವಿಳಾಸವಿತ್ತು, ಕಡತವಿತ್ತು, ಸಹಿ ಇತ್ತು. ಇಷ್ಟೆಲ್ಲ ಇದ್ದೂ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಕೇರಳ ಸರ್ಕಾರಕ್ಕೆ ಆದೇಶಿಸಲು 2017ರ ಜನವರಿಯೇ ಬರಬೇಕಾಯಿತು, ಆಮೇಲೂ ಜನ ಮತ್ತೆ ಕೋರ್ಟಿಗೆ ಅಲೆದರು. ಸಹಿ ಹಾಕಿದ ಕೈಯೇ ಇಲ್ಲದ ಆಯುಧದಿಂದ ಮಗುವೊಂದು ಸತ್ತರೆ ತಂದೆತಾಯಿ ಯಾರ ಮೇಲೆ ದಾವೆ ಹೂಡಬೇಕು? ಯುದ್ಧಾಪರಾಧ ಸಾಬೀತಾಗಲು ಅಪರಾಧಿಗೆ ಉದ್ದೇಶ ಮತ್ತು ಅರಿವು ಇತ್ತೆಂದು ತೋರಿಸಬೇಕೆಂಬುದು ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ 1998ರ ರೋಮ್ ಶಾಸನದ ಸಾಮಾನ್ಯ ನಿಯಮ. ಯಂತ್ರ ಯಾರನ್ನು ಆರಿಸುತ್ತದೆಂದು ದಳಪತಿಗೆ ಗೊತ್ತಿರಲಿಲ್ಲ. ಪ್ರೋಗ್ರಾಮ್ ಬರೆದವನಿಗೆ ಅದು ಯಾವ ಊರಿಗೆ ಹೋಗುತ್ತದೆಂದು ಗೊತ್ತಿರಲಿಲ್ಲ. ಮಾರಿದವನು ಕರಾರು ತೋರಿಸುತ್ತಾನೆ. ಈ ಮೂವರ ನಡುವೆ ಅಪರಾಧವೇ ಕಾಣೆಯಾಗುತ್ತದೆ. ಸ್ವಾಯತ್ತ ಆಯುಧಗಳ ವಿರುದ್ಧ ನಾನು ಕೇಳಿರುವ ವಾದಗಳಲ್ಲಿ ಇದಕ್ಕಿಂತ ಬಲವಾದದ್ದು ಇನ್ನೊಂದಿಲ್ಲ.

ಎರಡನೆಯದು ನಿರ್ಣಯದ ಕ್ರಮ. ಎಂಡೋಸಲ್ಫಾನ್ ಜಾಗತಿಕ ನಿಷೇಧದ ಪಟ್ಟಿಗೆ ಸೇರಿದ್ದು 2011ರ ಏಪ್ರಿಲಿನಲ್ಲಿ, ಬಹುಕಾಲ ಉಳಿಯುವ ವಿಷ ರಾಸಾಯನಿಕಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಸಮ್ಮೇಳನದಲ್ಲಿ. ಆ ಸಮ್ಮೇಳನ ನಡೆದ ಊರೂ ಜಿನೀವಾವೇ. ಭಾರತ ಸರ್ಕಾರ ಅಲ್ಲಿ ವರ್ಷಗಟ್ಟಲೆ ಪ್ರತಿರೋಧ ಒಡ್ಡಿತ್ತು. ಸಮ್ಮೇಳನ ಆರಂಭವಾದ ದಿನ ಕೇರಳದ ಮುಖ್ಯಮಂತ್ರಿ ವಿ. ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಉಪವಾಸ ಕುಳಿತಿದ್ದರು. ಆದರೆ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಒಂದು ಕಲಮು ಇದೆ: ಒಮ್ಮತಕ್ಕೆ ಮಾಡಿದ ಪ್ರಯತ್ನಗಳೆಲ್ಲ ಮುಗಿದ ಮೇಲೆ ನಾಲ್ಕರಲ್ಲಿ ಮೂರು ಪಾಲಿನ ಬಹುಮತದಿಂದ ತೀರ್ಮಾನಿಸಬಹುದು. ತಜ್ಞರ ಸಮಿತಿಯಲ್ಲಿ ಭಾರತದ ಆಕ್ಷೇಪವಿದ್ದಾಗ ಮತಕ್ಕೆ ಹಾಕಿಯೇ ಮುಂದುವರಿದಿದ್ದರು. ಕೊನೆಗೆ ಭಾರತ ಕೆಲವು ಬೆಳೆಗಳಿಗೆ ಕಾಲಾವಕಾಶದ ವಿನಾಯಿತಿ ಪಡೆದು ಒಪ್ಪಿತು. ಎರಡು ವಾರದೊಳಗೆ, ಮೇ 13ರಂದು, ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ತಡೆಹಿಡಿಯಿತು. ಮತದಾನದ ಬಾಗಿಲು ತೆರೆದಿದ್ದರಿಂದಲೇ ಅಲ್ಲಿ ಒಮ್ಮತ ಹುಟ್ಟಿತು ಎಂಬುದು ನನ್ನ ತಿಳಿವಳಿಕೆ. ಆಯುಧಗಳ ವೇದಿಕೆಯಲ್ಲಿ ಆ ಬಾಗಿಲೇ ಇಲ್ಲ.

ಬಾಗಿಲಿಲ್ಲದ ಮನೆಯಿಂದ ಹೊರಗೆ ಬಂದು ಕೆಲಸ ಸಾಧಿಸಿದ ಉದಾಹರಣೆಗಳಿವೆ. ನೆಲಬಾಂಬಿನ ವಿಷಯದಲ್ಲಿ 1996ರಲ್ಲಿ ಇದೇ ವೇದಿಕೆ ಒಂದು ದುರ್ಬಲ ತಿದ್ದುಪಡಿಯಲ್ಲಿ ನಿಂತಾಗ ಕೆನಡಾ ಮುಂದಾಳತ್ವ ವಹಿಸಿತು, 1997ರಲ್ಲಿ ಒಟ್ಟಾವಾ ಒಪ್ಪಂದಕ್ಕೆ ಸಹಿ ಬಿತ್ತು, ಚಳವಳಿಗೂ ಅದರ ಸಂಚಾಲಕಿ ಜೋಡಿ ವಿಲಿಯಮ್ಸ್ ಅವರಿಗೂ ಅದೇ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಒಂದರೊಳಗಿಂದ ಹಲವು ಮರಿಬಾಂಬುಗಳನ್ನು ಚೆಲ್ಲುವ ಕ್ಲಸ್ಟರ್ ಬಾಂಬುಗಳ ನಿಷೇಧವೂ 2008ರಲ್ಲಿ ಹಾಗೆಯೇ ಹೊರದಾರಿಯಿಂದ ಬಂತು. 2017ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಮೂಲಕ 122 ದೇಶಗಳು ಅಣ್ವಸ್ತ್ರ ನಿಷೇಧದ ಒಪ್ಪಂದವನ್ನು ಅಂಗೀಕರಿಸಿದವು. ಭಾರತ ಈ ಮೂರರಲ್ಲಿ ಯಾವುದಕ್ಕೂ ಸೇರಿಲ್ಲ. ಇಂಥ ಒಪ್ಪಂದಗಳಿಗೆ ದೊಡ್ಡ ಸೇನೆಗಳ ದೇಶಗಳು ಬರುವುದಿಲ್ಲ ಎಂಬ ಟೀಕೆ ಸುಳ್ಳಲ್ಲ. ರಷ್ಯಾದ ಭಯದಿಂದ ಫಿನ್ಲೆಂಡ್, ಪೋಲೆಂಡ್ ಮತ್ತು ಬಾಲ್ಟಿಕ್ ದೇಶಗಳು ಇದೇ ವರ್ಷ ಒಟ್ಟಾವಾ ಒಪ್ಪಂದದಿಂದ ಹೊರಬರಲು ತೀರ್ಮಾನಿಸಿರುವುದು ನನ್ನನ್ನು ಕಳವಳಕ್ಕೆ ದೂಡಿದೆ. ಆದರೂ ಸೇರದ ದೇಶಗಳ ನಡತೆಯನ್ನೂ ಆ ಒಪ್ಪಂದ ಬದಲಿಸಿತು. ನೆಲಬಾಂಬನ್ನು ಬಹಿರಂಗವಾಗಿ ಮಾರುವುದು ಕಾಲು ಶತಮಾನದ ಕಾಲ ನಾಚಿಕೆಗೇಡಿನ ವ್ಯವಹಾರವಾಗಿತ್ತು.

ಆಯುಧ ಬಳಕೆಗೆ ಬರುವ ಮೊದಲೇ ನಿಷೇಧಿಸಿದ ಉದಾಹರಣೆಯೂ ಇದೆ, ಅದೂ ಈ ಒಮ್ಮತದ ವೇದಿಕೆಯಲ್ಲೇ. ಕಣ್ಣನ್ನು ಶಾಶ್ವತವಾಗಿ ಕುರುಡಾಗಿಸಲೆಂದೇ ರೂಪಿಸಿದ ಲೇಸರ್ ಆಯುಧಗಳನ್ನು 1995ರ ಅಕ್ಟೋಬರಿನಲ್ಲಿ ವಿಯೆನ್ನಾದಲ್ಲಿ 1980ರ ಒಪ್ಪಂದಕ್ಕೆ ಸೇರಿಸಿದ ನಾಲ್ಕನೆಯ ಪ್ರೋಟೊಕಾಲ್, ಅಂದರೆ ಉಪ ಒಪ್ಪಂದದ ಮೂಲಕ ನಿಷೇಧಿಸಲಾಯಿತು. ಅಮೆರಿಕದ ಬಳಿ ತಯಾರಿ ನಡೆದಿತ್ತು; ರೆಡ್‌ಕ್ರಾಸ್ ಮತ್ತು ಸ್ವೀಡನ್ ಪಟ್ಟು ಹಿಡಿದದ್ದರಿಂದ ಅದು ತನ್ನ ನಿಲುವನ್ನು ಬದಲಿಸಿತು. ಭಾರತವೂ ಆ ಪ್ರೋಟೊಕಾಲಿಗೆ ಸೇರಿದೆ. ಹಾಗಾಗಿ ಮುಂಗಡ ನಿಷೇಧ ಆಗದ ಮಾತು ಎನ್ನುವುದು ಸರಿಯಲ್ಲ.

ಈಗಿನ ಸ್ಥಿತಿ ಹೀಗಿದೆ. ರೆಡ್‌ಕ್ರಾಸ್ 2021ರಲ್ಲಿ ಎರಡು ಹಂತದ ಸಲಹೆ ಮುಂದಿಟ್ಟಿತು: ಪರಿಣಾಮವನ್ನು ಮುಂಚಿತವಾಗಿ ಊಹಿಸಲಾಗದ ಸ್ವಾಯತ್ತ ಆಯುಧಗಳನ್ನೂ ಮನುಷ್ಯರನ್ನೇ ಗುರಿಯಾಗಿಸುವಂಥವನ್ನೂ ನಿಷೇಧಿಸಬೇಕು, ಉಳಿದವುಗಳಿಗೆ ಗುರಿಯ ಬಗೆ, ಪ್ರದೇಶ, ಅವಧಿ, ಸಂಖ್ಯೆ ಇವುಗಳ ಮಿತಿ ಹಾಕಿ, ನಿಲ್ಲಿಸುವ ಅಧಿಕಾರವನ್ನು ಮನುಷ್ಯನ ಕೈಯಲ್ಲಿಡಬೇಕು. ಇದರಂತೆ ಹಡಗಿನ ರಕ್ಷಣೆಯ ತೋಪು ಉಳಿಯುತ್ತದೆ, ಊರೊಳಗೆ ಮನುಷ್ಯರನ್ನು ಹುಡುಕುವ ಡ್ರೋನ್ ಹೋಗುತ್ತದೆ. ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಆಂಟೋನಿಯೊ ಗುಟೆರಸ್ ಮತ್ತು ರೆಡ್‌ಕ್ರಾಸ್ ಅಧ್ಯಕ್ಷೆ ಮಿರ್ಜಾನಾ ಸ್ಪೋಲ್ಯಾರಿಕ್ 2023ರ ಅಕ್ಟೋಬರಿನಲ್ಲಿ ಜಂಟಿಯಾಗಿ, 2026ರೊಳಗೆ ಕಾನೂನುಬದ್ಧ ಒಪ್ಪಂದವಾಗಬೇಕೆಂದು ಕರೆ ಕೊಟ್ಟರು. ಅದೇ ಡಿಸೆಂಬರಿನಲ್ಲಿ ಆಸ್ಟ್ರಿಯಾದ ನೇತೃತ್ವದಲ್ಲಿ ಸಾಮಾನ್ಯ ಸಭೆಯ ಮೊದಲ ಗೊತ್ತುವಳಿ ಬಂತು. ಪರವಾಗಿ 152 ಮತ, ವಿರುದ್ಧ ನಾಲ್ಕು. ಆ ನಾಲ್ಕು ದೇಶಗಳು ರಷ್ಯಾ, ಬೆಲಾರುಸ್, ಮಾಲಿ ಮತ್ತು ಭಾರತ. ಮರುವರ್ಷದ ಗೊತ್ತುವಳಿಗೆ ಪರವಾಗಿ 166, ವಿರುದ್ಧ ಮೂರು. ಈ ಸಲ ಭಾರತ ತಟಸ್ಥರಾಗಿ ಉಳಿದ 15 ದೇಶಗಳಲ್ಲಿತ್ತು. ನಾನು ಆರಂಭದಲ್ಲಿ ಹೇಳಿದ ಮೇ ತಿಂಗಳ ಸಮಾಲೋಚನೆ ಆ ಗೊತ್ತುವಳಿಯ ಫಲ. ಜಿನೀವಾದಲ್ಲೂ ನೆದರ್ಲೆಂಡ್ಸಿನ ರಾಯಭಾರಿ ರಾಬರ್ಟ್ ಇನ್ ಡೆನ್ ಬಾಷ್ ಅವರ ಅಧ್ಯಕ್ಷತೆಯಲ್ಲಿ ಕರಡೊಂದು ಸಭೆಯಿಂದ ಸಭೆಗೆ ತಿದ್ದಿಸಿಕೊಳ್ಳುತ್ತಿದೆ. 2026ರ ಪರಿಶೀಲನಾ ಸಮ್ಮೇಳನದೊಳಗೆ ಅದು ಒಂದು ರೂಪಕ್ಕೆ ಬರಬೇಕು.

ಸಭಿಕರ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

ನಿವೃತ್ತ ಯೋಧರೊಬ್ಬರು ಎದ್ದು ನಿಂತು, "ಸ್ವಾಮಿ, ಯಂತ್ರ ಹೋಗಿ ಹೊಡೆದು ಬಂದರೆ ನಮ್ಮ ಕಡೆಯ ಹುಡುಗರ ಜೀವ ಉಳಿಯುತ್ತದಲ್ಲ, ಅದಕ್ಕೆ ನೀವು ಬೆಲೆ ಕೊಡುವುದಿಲ್ಲವೇ?" ಎಂದು ಕೇಳಿದರು. ಗಡಿಯಲ್ಲಿ ನಿಂತು ಬಂದವರ ಪ್ರಶ್ನೆಗೆ ಪೊಳ್ಳು ಉತ್ತರ ಕೊಡಬಾರದು. ಬೆಲೆ ಕೊಡುತ್ತೇನೆ. ಬಾಂಬು ಪತ್ತೆಹಚ್ಚುವ, ಗಾಯಾಳುವನ್ನು ಹೊತ್ತು ತರುವ, ಬರುವ ಕ್ಷಿಪಣಿಯನ್ನು ತಡೆಯುವ ಯಂತ್ರಗಳನ್ನು ಈ ಯಾವ ಕರಡೂ ನಿಷೇಧಿಸುವುದಿಲ್ಲ. ಮನುಷ್ಯರನ್ನು ಹುಡುಕಿ ಕೊಲ್ಲುವ ಡ್ರೋನ್ ಮಾತ್ರ ಬೇರೆ. ಅದು ಅಗ್ಗ, ಬಿಡಿಭಾಗಗಳು ಅಂಗಡಿಯಲ್ಲಿ ಸಿಗುತ್ತವೆ, ಸಾಫ್ಟ್‌ವೇರನ್ನು ನಕಲು ಮಾಡಲು ನಿಮಿಷ ಸಾಕು. ಅದು ಸಾಮಾನ್ಯವಾದ ಮೇಲೆ ಮೊದಲು ಸಿಗುವುದು ಉಗ್ರರ ಗುಂಪಿಗೆ, ಮತ್ತು ಅದರ ಎದುರು ಕಾವಲು ನಿಲ್ಲಬೇಕಾದವರು ಅದೇ ನಮ್ಮ ಹುಡುಗರು. ಅಣುಬಾಂಬಿನಂತೆ ಇದನ್ನು ಕೆಲವೇ ದೇಶಗಳು ಬೀಗ ಹಾಕಿ ಇಟ್ಟುಕೊಳ್ಳಲಾಗದು.

ಭಾರತ ವಿರುದ್ಧ ಮತ ಹಾಕಿದ್ದೇಕೆ ಎಂದು ಕಾಲೇಜು ವಿದ್ಯಾರ್ಥಿನಿಯೊಬ್ಬರು ಕೇಳಿದರು. ಸರ್ಕಾರದ ನಿಲುವು ಇದು: ಮಿಲಿಟರಿ ಬಲವಿರುವ ದೇಶಗಳೆಲ್ಲ ಕುಳಿತಿರುವ ಜಿನೀವಾವೇ ಸರಿಯಾದ ವೇದಿಕೆ, ಇನ್ನೊಂದನ್ನು ತೆರೆಯುವುದು ಬೇಡ, ಬಂಧನಕಾರಿ ಒಪ್ಪಂದಕ್ಕೆ ಇನ್ನೂ ಕಾಲ ಕೂಡಿಬಂದಿಲ್ಲ. ಇದರ ಹಿಂದೆ ಒಂದು ಹಳೆಯ ನೋವಿದೆ. 1968ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ಇದ್ದವರಿಗೆ ಇರಲು ಬಿಟ್ಟು ಇಲ್ಲದವರನ್ನು ತಡೆಯಿತು. ಅಂಥದ್ದೇ ಇನ್ನೊಂದು ಒಪ್ಪಂದದಲ್ಲಿ ಸಿಕ್ಕಿಬೀಳಬಾರದೆಂಬ ಎಚ್ಚರ ನಮ್ಮ ವಿದೇಶಾಂಗ ನೀತಿಯಲ್ಲಿ ಆಳವಾಗಿ ಕುಳಿತಿದೆ. ಎರಡು ಕಡೆ ಅಣ್ವಸ್ತ್ರವಿರುವ ನೆರೆಯವರು ಇರುವಾಗ ಆ ಎಚ್ಚರ ತಪ್ಪಲ್ಲ. ಆದರೆ ಎಲ್ಲರಿಗೂ ಒಂದೇ ನಿಯಮ ಹಾಕಿದ ಒಪ್ಪಂದಕ್ಕೆ ಇದೇ ಭಾರತ ಒಪ್ಪಿದ ಉದಾಹರಣೆಯೂ ಇದೆ. ರಾಸಾಯನಿಕ ಅಸ್ತ್ರಗಳ ಒಪ್ಪಂದಕ್ಕೆ 1993ರಲ್ಲೇ ಸಹಿ ಹಾಕಿ, ತನ್ನ ಬಳಿ ಇದ್ದ ದಾಸ್ತಾನನ್ನು ಘೋಷಿಸಿ, 2009ರೊಳಗೆ ತಪಾಸಣಾಧಿಕಾರಿಗಳ ಎದುರು ಪೂರ್ತಿಯಾಗಿ ನಾಶಪಡಿಸಿತು. ಸ್ವಾಯತ್ತ ಆಯುಧಗಳ ಕರಡು ಆ ಬಗೆಯದು. ಇದ್ದವರು, ಇಲ್ಲದವರು ಎಂಬ ಭೇದ ಅದರಲ್ಲಿಲ್ಲ. ವಿರೋಧದಿಂದ ತಟಸ್ಥಕ್ಕೆ ಬಂದ ಭಾರತ ಇನ್ನೊಂದು ಹೆಜ್ಜೆ ಇಡಬೇಕೆಂದು ನಾನು ಕೇಳುವುದು ಈ ಕಾರಣದಿಂದ.

ಈ ಮೂಲೆಯಲ್ಲಿ ಕುಳಿತ ನಾವೇನು ಮಾಡಲು ಸಾಧ್ಯ ಎಂಬುದು ಕೊನೆಯ ಪ್ರಶ್ನೆ. ಎಂಡೋಸಲ್ಫಾನನ್ನು ಜಿನೀವಾಕ್ಕೆ ಮುಟ್ಟಿಸಿದ ಊರಿನವರು ಇದನ್ನು ಕೇಳಬೇಕಾಗಿಲ್ಲ. ನಮ್ಮ ಸಂಸದರಿಗೆ ಬರೆದು ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳುವಂತೆ ಒತ್ತಾಯಿಸಬಹುದು. ಅದಕ್ಕೆ ಸಚಿವರು ಸದನದಲ್ಲೇ ಉತ್ತರಿಸಬೇಕಾಗುತ್ತದೆ. ಪ್ರಶ್ನೆಯ ಒಕ್ಕಣೆಯನ್ನು ವಾಚನಾಲಯದ ಗೆಳೆಯರು ಕನ್ನಡ ಮತ್ತು ಮಲಯಾಳಂ ಎರಡರಲ್ಲೂ ಸಿದ್ಧಪಡಿಸಿದ್ದಾರೆ, ಸಹಿ ಹಾಕುವವರಿಗಾಗಿ ಅದನ್ನು ಇಲ್ಲಿ ಕೊಡುತ್ತಿದ್ದೇನೆ: ಮನುಷ್ಯರನ್ನು ತಾನಾಗಿ ಆರಿಸಿ ಹೊಡೆಯುವ ಆಯುಧಗಳನ್ನು ಭಾರತೀಯ ಸೇನೆ ಬಳಸುವುದಿಲ್ಲ ಎಂಬ ಲಿಖಿತ ನೀತಿ ಸರ್ಕಾರದ ಬಳಿ ಇದೆಯೇ, ಹೊಸ ಆಯುಧವನ್ನು ಕೊಳ್ಳುವ ಮೊದಲು ಅದು ಯುದ್ಧದ ಕಾನೂನಿಗೆ ಹೊಂದುತ್ತದೆಯೇ ಎಂದು ಪರಿಶೀಲಿಸುವವರು ಯಾರು, 2026ರ ಸಮ್ಮೇಳನದಲ್ಲಿ ಬಂಧನಕಾರಿ ಒಪ್ಪಂದದ ಮಾತುಕತೆಗೆ ಭಾರತ ಒಪ್ಪುತ್ತದೆಯೇ, ಇಲ್ಲವಾದರೆ ಕಾರಣವೇನು?